ನೀವು ಬಿಡದ ಕುರ್ಚಿ

ನಾಗಮಂಗಲ
ಜೂನ್ ೧೯೯೯

ಅತ್ತೆಮ್ಮ,

ನಿಮ್ಮ ಕಣ್ಣಿಗೆ ಪೊರೆ ಬಂದಿದೆ ಎಂದು ಗೊತ್ತಾದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ ನೀವೇ ಓದಿಕೊಳ್ಳಿ. ನಿಮ್ಮ ಮಗನ ಕೈಲೂ ಓದಿಸಬೇಡಿ. ಇದು ನಮ್ಮಿಬ್ಬರ ಮಾತು.

ನಿನ್ನೆ ಸೋಮಯ್ಯ ಮಾವ ಊರಿಂದ ಸಂತೆಗೆಂದು ಬಂದವರು ನಮ್ಮ ಶಾಲೆಯ ಬಾಗಿಲಿಗೇ ಬಂದರು. "ನಿಮ್ಮತ್ತೆ ಶಿಶುವಿಹಾರ ಬುಟ್ಬುಡ್ತಾವ್ಳಂತೆ ಕಣವ್ವ. ಅಂಬಿಕನೇ ಬಂದು ನೋಡ್ಕೊಳ್ಳಿ ಅಂದವ್ಳೆ," ಎಂದರು. ವರ್ಷಗಟ್ಟಲೆ ಕಾದಿದ್ದ ಮಾತು. ಕೇಳಿದಾಗ ಸಂತೋಷವಾಗಲಿಲ್ಲ. ಒಳಗೆ ಮಕ್ಕಳು ಗಲಾಟೆ ಮಾಡುತ್ತಿದ್ದವು. ಮಾವನಿಗೆ ನೀರು ಕೊಟ್ಟು, ಆಮೇಲೆ ಹೇಳಿ ಕಳಿಸುತ್ತೇನೆ ಎಂದು ಒಳಗೆ ಹೋದೆ. ಹೇಳಿ ಕಳಿಸುವುದಕ್ಕಿಂತ ಬರೆಯುವುದೇ ಸರಿ ಅನ್ನಿಸಿತು.

ಸಿಂಧಘಟ್ಟದ ನಮ್ಮ ಮನೆಗೆ ನೀವು ಹೆಣ್ಣು ನೋಡಲು ಬಂದ ದಿನ ನಿಮ್ಮ ಮಗನಿಗಿಂತ ಹೆಚ್ಚಾಗಿ ನಾನು ನಿಮ್ಮನ್ನೇ ನೋಡಿದ್ದೆ. ಇಸ್ತ್ರಿ ಮಾಡಿದ ಬಿಳಿ ಸೀರೆ, ಹೆಗಲಿಗೆ ಚೀಲ, ತೂಕದ ಮಾತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹೆಂಗಸು ಊರಿನ ಮಹಿಳಾ ಸಮಾಜದ ಶಿಶುವಿಹಾರ ನಡೆಸಿ ಮಗನನ್ನು ಬೆಳೆಸಿದ್ದಾರೆಂದು ಅಪ್ಪ ಮೊದಲೇ ಹೇಳಿದ್ದರು. ಆಗ ನನಗೆ ಕೆ.ಆರ್. ಪೇಟೆಯ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಗೊತ್ತಾಗಿತ್ತು. ನೀವು ಅಪ್ಪನಿಗೆ, "ಅದ್ಯಾಕೆ ಜವರಯ್ಯ, ದಿನಾ ಬಸ್ಸಲ್ಲಿ ಸಾಯದು? ನನಗೂ ವಯಸ್ಸಾಯ್ತಾ ಬಂತು. ಓದಿರೋ ಸೊಸೆ ಬೇಕು ಅಂತ್ಲೇ ಬಂದಿವ್ನಿ. ನನ್ನ ಕುರ್ಚಿ ಇವಳಿಗೇ ಕಣಪ್ಪ," ಎಂದಿರಿ. ಆ ಮಾತಿಗೆ ಅಪ್ಪ ಹೆಣ್ಣು ಕೊಟ್ಟರು. ಆ ಮಾತಿಗೆ ನಾನು ಆ ಕೆಲಸ ಬಿಟ್ಟೆ.

ಕ್ಯಾತನಹಳ್ಳಿಗೆ ಬಂದ ಮೇಲೆ ಬೆಳಿಗ್ಗೆ ಮುದ್ದೆ ತೊಳಸಿಟ್ಟು ನಿಮ್ಮ ಹಿಂದೆಯೇ ಬರುತ್ತಿದ್ದೆ. ಮಕ್ಕಳ ಮೂಗು ಒರೆಸಿದೆ, ಚಡ್ಡಿ ಒಗೆದೆ, ಅಳುವವರನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಾಡು ಹೇಳಿಕೊಟ್ಟೆ. ಸಂಬಳದ ಮಾತು ನಾನು ಎತ್ತಲಿಲ್ಲ, ನೀವೂ ಎತ್ತಲಿಲ್ಲ. ಕಲಿಯುತ್ತಿದ್ದೇನೆ ಅಂದುಕೊಂಡೆ. ನಿಜಕ್ಕೂ ಕಲಿತೆ ಅತ್ತೆಮ್ಮ. ಅದನ್ನು ಇಲ್ಲ ಎನ್ನಲಾರೆ. ಹಟ ಹಿಡಿದ ಮಗುವಿನ ಮುಂದೆ ಏನೂ ಮಾತಾಡದೆ ಅದರಷ್ಟೇ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂರುವುದನ್ನು ನಿಮ್ಮಿಂದಲೇ ಕಲಿತದ್ದು.

ಸಮಾಜದವರ ವಯಸ್ಸಿನ ನಿಯಮದಂತೆ ನೀವು ಕೆಲಸ ಬಿಡುವ ವರ್ಷ ಬಂತು. "ಇದೊಂದ್ ವರ್ಸ ತಡಿಯವ್ವ, ಮನೆಗೆ ಹೆಂಚು ಹೊದಿಸ್ಬುಡನ," ಎಂದಿರಿ. ಹೆಂಚು ಹೊದಿಸಿದ್ದಾಯಿತು. ಮರುವರ್ಷ, ದೊಡ್ಡ ಗುಂಪಿನ ಮಕ್ಕಳು ಒಂದನೇ ಕ್ಲಾಸಿಗೆ ಹೋಗಿಬಿಡಲಿ ಎಂದಿರಿ. ಅವರೂ ಹೋದರು. ಆಮೇಲೆ ನೀವು ಕಾರಣ ಹೇಳುವುದನ್ನೇ ಬಿಟ್ಟಿರಿ. ಬಾವಿಕಟ್ಟೆಯ ಹೆಂಗಸರು, "ನಿಮ್ಮತ್ತೆ ಆ ಕುರ್ಚಿ ಮ್ಯಾಲೇ ಪ್ರಾಣ ಬುಡದು," ಎಂದು ನಕ್ಕಾಗ ನಿಮ್ಮ ಪರವಾಗಿ ಜಗಳವಾಡಿದ್ದು ನಾನು.

ಆ ನಡುವೆ ನನ್ನ ಹೊಟ್ಟೆಯಲ್ಲಿ ಎರಡು ಸಲ ಮಗು ನಿಲ್ಲಲಿಲ್ಲ. ಎರಡನೆಯ ಸಲ ಪಾಂಡವಪುರದ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೂತಿದ್ದವರು ನೀವು. "ಅಳಬ್ಯಾಡ ಕಣೆ. ಶಿಶುವಿಹಾರದಲ್ಲಿರೋ ಅಷ್ಟೂ ಮಕ್ಕಳು ನಿನ್ನವೇ," ಎಂದಿರಿ. ಆ ಮಾತನ್ನೇ ಹಿಡಿದುಕೊಂಡು ನಾನು ಹಾಸಿಗೆಯಿಂದ ಎದ್ದೆ.

ಹಾಗಾಗಿಯೇ ಆ ಸಭೆಯ ದಿನವನ್ನು ಇವತ್ತಿಗೂ ದಾಟಲಾಗುತ್ತಿಲ್ಲ. ಸಮಾಜದ ಅಧ್ಯಕ್ಷೆ ಚಲುವಮ್ಮನವರು, "ಸಿದ್ದಲಿಂಗಮ್ಮ, ಈ ವರ್ಷ ಅಂಬಿಕಂಗೆ ವಹಿಸ್ಬುಡನ. ನೀವು ಮನೇಲಿ ಆರಾಮಾಗಿರಿ," ಎಂದರು. ನಾನು ಪಕ್ಕದ ಕೋಣೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ನೀವು ಎದ್ದು ನಿಂತದ್ದು ಬಾಗಿಲ ಸಂದಿನಿಂದ ಕಂಡಿತು. "ಹೊಟ್ಟೇಲಿದ್ ಕೂಸ ಉಳಿಸ್ಕಳಕ್ಕೆ ಆಗ್ದೇ ಇರೋಳು ಅವಳು. ಊರ ಮಕ್ಕಳ್ನ ಅವಳ ಕೈಗೆ ಕೊಡಕ್ಕೆ ನಂಗೇ ಧೈರ್ಯ ಇಲ್ಲ ಕಣ್ರವ್ವ," ಎಂದಿರಿ.

ಚಲುವಮ್ಮನವರು ತಲೆ ತಗ್ಗಿಸಿದರು. ನಾನು ಉಪ್ಪಿಟ್ಟು ಇಳಿಸಿ, ತಟ್ಟೆಗೆ ಹಾಕಿ, ಎಲ್ಲರಿಗೂ ಕೊಟ್ಟೆ. ನಿಮಗೂ ಕೊಟ್ಟೆ. ನೀವು ತಿಂದಿರಿ.

ನಿಮ್ಮ ಮಗ, "ಅವ್ವ ಏನೋ ಬಾಯ್ತಪ್ಪಿ ಅಂದವ್ಳೆ, ಬುಡು," ಎಂದರು. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಮಾರನೇ ದಿನ ಬಟ್ಟೆ ಒಗೆಯುವಲ್ಲಿ ಯಾಕೆ ಹಾಗೆ ಅಂದಿರಿ ಎಂದು ಕೇಳಿದೆ. ಸೀರೆ ಜಾಲಿಸುತ್ತಲೇ, ನನ್ನ ಕಡೆ ನೋಡದೆ ಹೇಳಿದಿರಿ. "ಆ ರೂಮಿಗೋದ್ರೆ ನಾನು ಟೀಚರಮ್ಮ ಕಣೆ. ಮನೇಲಿ ಕೂತ್ರೆ ಯಾರು? ಒಲೆ ನಿಂದು, ಮಗ ನಿನ್ನೋನು. ಮದುವೆ ಮನೇಲಿ ಆರತಿ ತಟ್ಟೆ ಮುಟ್ಟುಸ್ದೇ ಇರೋ ಜನ, ಮಕ್ಕಳಿಗೆ ಅಕ್ಷರ ತಿದ್ದುಸಕ್ಕೆ ಮಾತ್ರ ನನ್ನ ಕರಿತಾರೆ. ಅದ್ನೂ ಬುಟ್ಟು ನಾನೇನ್ ಮಾಡ್ಲಿ?"

ಅಷ್ಟು ಮಾತನ್ನು ಒಂದು ದಿನ ಮುಂಚೆ ನನಗೆ ಹೇಳಿದ್ದರೆ, ನಾನೇ ಚಲುವಮ್ಮನವರ ಮನೆಗೆ ಹೋಗಿ ಕೆಲಸ ಬೇಡ ಎಂದು ಬರುತ್ತಿದ್ದೆ ಅತ್ತೆಮ್ಮ. ಸಾಯುವವರೆಗೂ ನೀವೇ ಇರಿ ಎನ್ನುತ್ತಿದ್ದೆ. ನಿಮ್ಮ ಸಂಕಟ ನನಗೆ ಅರ್ಥವಾಗದ್ದೇನಲ್ಲ. ವಿಧವೆಗೆ ಈ ಊರುಗಳಲ್ಲಿ ಉಳಿಯುವ ಜಾಗ ಎಷ್ಟು ಚಿಕ್ಕದೆಂದು ನಿಮ್ಮ ಜೊತೆ ಇದ್ದೇ ನೋಡಿದೆ. ಆದರೆ ನಿಮ್ಮ ಜಾಗ ಉಳಿಸಿಕೊಳ್ಳಲು ನೀವು ಕೈಗೆತ್ತಿಕೊಂಡದ್ದು ನನ್ನ ಸತ್ತ ಕೂಸುಗಳನ್ನು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದಿದ್ದವರಿಗೆ ಆ ನೋವು ಎಲ್ಲಿದೆ ಎಂದು ಸರಿಯಾಗಿ ಗೊತ್ತಿತ್ತು.

ಆ ಮಾತು ಊರಲ್ಲಿ ಹರಡಿತು. ಮಗುವನ್ನು ಎತ್ತಿಕೊಳ್ಳಲು ಹೋದರೆ ತಾಯಂದಿರು ನಗುತ್ತಲೇ ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಅದಕ್ಕೇ ನಾನು ಊರು ಬಿಟ್ಟಿದ್ದು. ಕೆಲಸ ಸಿಗಲಿಲ್ಲ ಎಂದಲ್ಲ. ನಿಮ್ಮ ಮಗ ಮೊದಲು ಬರಲಿಲ್ಲ. ಆಮೇಲೆ ಬಂದರು, ಈಗ ಗದ್ದೆ ಕೆಲಸವಿದ್ದಾಗ ಮಾತ್ರ ನಿಮ್ಮಲ್ಲಿಗೆ ಬರುತ್ತಾರೆ. ಇಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮಕ್ಕಳನ್ನು ತಂದು ನನ್ನ ಮಡಿಲಿಗೆ ಬಿಟ್ಟು ಹೋದರು.

ಹೋದ ತಿಂಗಳು ನಿಮ್ಮ ಕಣ್ಣಿಗೆ ಕಾಣದೆ ಒಂದು ಮಗು ಎದ್ದು ನಾಲೆ ಏರಿಯವರೆಗೆ ಹೋಗಿತ್ತೆಂದೂ, ದನ ಕಾಯುವವರು ಎತ್ತಿಕೊಂಡು ಬಂದರೆಂದೂ ಕೇಳಿದೆ. ಸಮಾಜದವರು ಇನ್ನು ಸಾಕು ಎಂದ ಮೇಲೆ ನಿಮಗೆ ನನ್ನ ನೆನಪಾಗಿದೆ. ಕುರ್ಚಿ ಬೇರೆಯವರ ಪಾಲಾಗುವ ಬದಲು ಮನೆಯಲ್ಲೇ ಉಳಿಯಲಿ, ದಿನಾ ಹೋಗಿ ಕೂತು ಬರಬಹುದು ಎಂದು ನಿಮ್ಮ ಲೆಕ್ಕ. ನಿಮ್ಮನ್ನು ನಾನು ಬಲ್ಲೆ.

ನಾನು ಬರುವುದಿಲ್ಲ. ಟೀಚರ್ ಟ್ರೈನಿಂಗ್ ಮುಗಿಸಿ ಊರಲ್ಲೇ ಮನೆಯಲ್ಲಿ ಕೂತಿರುವ ಸಹನಳನ್ನು ಆ ಕುರ್ಚಿಯಲ್ಲಿ ಕೂರಿಸಲು ಚಲುವಮ್ಮನವರಿಗೆ ಹೇಳಿ. ಕೊಟ್ಟ ಮೇಲೆ ಪೂರ್ತಿ ಕೊಡಿ. ಮಾರನೇ ದಿನ ಹೋಗಿ ಅವಳ ತಪ್ಪು ಹುಡುಕುತ್ತಾ ಕೂರಬೇಡಿ. ಅವಳು ಕರೆದರೆ ಹೋಗಿ.

ಮುಂದಿನ ವಾರ ನಿಮ್ಮ ಮಗ ಬಂದು ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ ಕರೆದುಕೊಂಡು ಹೋಗುತ್ತಾರೆ. ಹೆದರಬೇಡಿ. ಪಥ್ಯಕ್ಕೆ ಬೇಕಾದ್ದನ್ನೆಲ್ಲ ಕಟ್ಟಿ ಕಳಿಸುತ್ತೇನೆ. ಕಣ್ಣು ಬಂದ ಮೇಲೆ ಒಂದೇ ಒಂದು ಸಲ ಸಮಾಜದ ಸಭೆಗೆ ಹೋಗಿ, ಆವತ್ತು ಎದ್ದು ನಿಂತ ಹಾಗೆಯೇ ಎದ್ದು ನಿಂತು, "ಅಂಬಿಕನ ಬಗ್ಗೆ ನಾನು ಅಂದದ್ದು ಸುಳ್ಳು" ಎಂದು ಹೇಳಿ. ಅದನ್ನು ನೀವು ಹೇಳಿದಿರೆಂದು ಚಲುವಮ್ಮನವರ ಬಾಯಿಂದ ಕೇಳಿದ ದಿನ, ನಾನೇ ಬಸ್ಸು ಹತ್ತಿ ನಿಮ್ಮನ್ನು ನೋಡಲು ಬರುತ್ತೇನೆ.

ಅಲ್ಲಿಯವರೆಗೆ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಈ ಮಾತನ್ನು ಮನಸ್ಸಿಲ್ಲದೆ ಬರೆಯುತ್ತಿಲ್ಲ.

ನಿಮ್ಮ ಸೊಸೆ,
ಅಂಬಿಕ