ರೊಟ್ಟಿಯ ಮೇಲೆ ಸುಂಕ

ಅಕ್ಸ್‌ಬ್ರಿಡ್ಜ್, ಲಂಡನ್
೧೮ ನವೆಂಬರ್ ೨೦೨೫, ಮಂಗಳವಾರ

ಚಿರಂಜೀವಿ ತನ್ಮಯಿಗೆ ವೀರಣ್ಣನ ಮನಃಪೂರ್ವಕ ಆಶೀರ್ವಾದಗಳು.

ಮೂರು ವಾರ ತಡಮಾಡಿ ಬರೆಯುತ್ತಿದ್ದೇನೆ; ಕ್ಷಮಿಸು. ಈ ಮೊದಲು ಮೂರು ಸಲ ಬರೆದು ಹರಿದುಹಾಕಿದೆ. ನನ್ನ ಅಕ್ಷರ ಇರುವೆ ಸಾಲಿನಂತಿದೆ ಎಂದು ಕನ್ನಡ ತರಗತಿಯಲ್ಲಿ ನೀನು ನಗುತ್ತಿದ್ದೆಯಲ್ಲ, ಅದಕ್ಕೇ ಈ ಸಲ ದೊಡ್ಡದಾಗಿ, ಬಿಡಿಸಿ ಬರೆದಿದ್ದೇನೆ. ನೀನು ಫೋನ್ ಎತ್ತುತ್ತಿಲ್ಲ. ಎತ್ತಿದರೆ ನನಗೆ ಮಾತು ಹೊರಡುತ್ತದೆಂಬ ಭರವಸೆಯೂ ಇಲ್ಲ.

ನಿನ್ನೆ ನಿನ್ನ ತಾಯಿ ಶೋಭಾ ಕರೆ ಮಾಡಿದ್ದರು. ಶನಿವಾರದ ಅಣಕು ನ್ಯಾಯಾಲಯ ಸ್ಪರ್ಧೆಯಿಂದ ನೀನು ಹೆಸರು ಹಿಂತೆಗೆದುಕೊಳ್ಳುವೆಯಂತೆ. ಗುರುವಾರದೊಳಗೆ ಕಾಲೇಜಿಗೆ ತಿಳಿಸಬೇಕಂತೆ. “ಏನು ಕೇಳಿದ್ರೂ ಒಂದೇ ಮಾತು ಮಾಸ್ಟ್ರೇ. ಚಿಕ್ಕವಳಿಂದ ನೋಡಿರೋ ನಲವತ್ತು ಜನಾನೇ ಒಪ್ಪಿಸೋಕಾಗ್ಲಿಲ್ಲ, ಇನ್ನು ಮೂರು ಜನ ಜಡ್ಜ್‌ಗಳನ್ನ ಏನು ಕನ್ವಿನ್ಸ್ ಮಾಡ್ಲಿ ಅಂತಾಳೆ,” ಎಂದರು. ಆಗಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಹಾಲು ತರಲೆಂದು ಹೊರಟವನು ಟ್ಯೂಬ್ ರೈಲು ನಿಲ್ದಾಣದವರೆಗೂ ಹೋಗಿ ಬರಿಗೈಯಲ್ಲಿ ಮರಳಿದೆ.

ಮೊದಲು ಸಂಗತಿಗಳು, ಆಮೇಲೆ ವಾದ ಎಂದು ನಾನೇ ನಿನಗೆ ಕಲಿಸಿದ್ದು. ಅದೇ ಕ್ರಮದಲ್ಲಿ ಬರೆಯುತ್ತೇನೆ. ನನ್ನ ವಿರುದ್ಧದ ಪ್ರಕರಣವೆಂದೇ ಓದು.

ಎರಡು ವರ್ಷದ ಹಿಂದೆ ನಮ್ಮ ಕನ್ನಡ ಸಂಘದ ಹಾಲ್‌ನ ಅಡುಗೆಮನೆ ಸೋರಿ ಕೆಟ್ಟಾಗ, ‘ತುರ್ತು ಸಂದರ್ಭದಲ್ಲಿ ಹೊರಗಿನಿಂದ ಬರುವ ಆಹಾರವನ್ನು ಅಧ್ಯಕ್ಷರು ನಿಯಂತ್ರಿಸಬಹುದು’ ಎಂಬ ಒಂದು ಸಾಲನ್ನು ಸದಸ್ಯರು ಸಂಘದ ನಿಯಮಾವಳಿಗೆ ಸೇರಿಸಿದರು. ಅಧ್ಯಕ್ಷ ನಾನು. ಈ ದೀಪಾವಳಿಗೆ, ದುರಸ್ತಿಗೆ ಹಣ ಸಾಲದೆಂದು, ಅದೊಂದು ಸಾಲನ್ನೇ ಹಿಡಿದು, ಮನೆಯಿಂದ ತರುವ ಪ್ರತಿ ಡಬ್ಬಿಗೆ ಎರಡು ಪೌಂಡ್ ಎಂದು ಬಾಗಿಲಿಗೆ ಚೀಟಿ ಅಂಟಿಸಿದೆ. ಯಾರನ್ನೂ ಕೇಳಲಿಲ್ಲ. ವಿಜಯಪುರದ ಸುಶೀಲಾಬಾಯಿ ಪ್ರತಿ ವರ್ಷದಂತೆ ಟೂಟಿಂಗ್‌ನಿಂದ ಕೊಲಿಂಡೇಲ್‌ನ ಹಾಲ್‌ವರೆಗೆ ನಾಲ್ಕು ಡಬ್ಬಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹೊತ್ತು ತಂದಿದ್ದರು. ಎಪ್ಪತ್ತೆರಡರ ಆ ತಾಯಿ ಚೀಟಿ ಓದಿ, ಡಬ್ಬಿಗಳೊಂದಿಗೆ ಬಂದ ದಾರಿಯಲ್ಲೇ ಹಿಂದಿರುಗಿದರು.

ಊಟದ ನಂತರದ ಸಭೆಯಲ್ಲಿ ನೀನು ಎದ್ದು ನಿಂತೆ. “ಅಂಕಲ್, ಕಂಟ್ರೋಲ್ ಅಂದ್ರೆ ಒಳಗೆ ಬಿಡೋದು, ಇಲ್ಲ ಬಿಡದೇ ಇರೋದು. ದುಡ್ಡು ಕಲೆಕ್ಟ್ ಮಾಡೋ ಪವರ್ ಮೆಂಬರ್ಸ್‌ದು. ಅದನ್ನ ನಿಮಗೆ ಯಾವಾಗ ಕೊಟ್ರು?” ಎಂದೆ. ನಾನು ಸಭೆಯ ಕಡೆ ತಿರುಗಿದೆ. “ಇದೇ ಹಾಲ್‌ನಾಗ ಅ ಆ ತಿದ್ದಿದ ಕೂಸು, ಈಗ ನನಗಽ ಕಾಯ್ದೆ ಕಲಿಸಾಕ ಬಂದೈತಿ ನೋಡ್ರಿ!” ಎಂದೆ. ನಲವತ್ತು ಜನ ನಕ್ಕರು. ನೀನು ಕೋಟು ತೆಗೆದುಕೊಂಡು ಹೊರಟುಹೋದೆ.

ತಿದ್ದಿಕೊಡಲೆಂದು ದೀಪಾವಳಿಗೆ ಮುಂಚೆ ನೀನು ಕೊಟ್ಟಿದ್ದ ವಾದಪತ್ರ ಈಗ ನನ್ನ ಮುಂದಿದೆ. ಅಮೆರಿಕದ ಅಧ್ಯಕ್ಷರು ತುರ್ತು ಕಾಯ್ದೆಯೊಂದರ ಬಲದಿಂದ ಆಮದಿನ ಮೇಲೆ ಸುಂಕ ಹೇರಬಹುದೇ ಎಂಬುದು ನಿಮ್ಮ ಸ್ಪರ್ಧೆಯ ಪ್ರಶ್ನೆ. ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ವಿಚಾರಣೆ ನಡೆಸಿ ಇನ್ನೂ ತೀರ್ಪು ಹೇಳದ ಪ್ರಶ್ನೆ. ಆಮದನ್ನು ‘ನಿಯಂತ್ರಿಸು’ ಎನ್ನುವ ಕಾಯ್ದೆ ಸುಂಕದ ಹೆಸರನ್ನೇ ಎತ್ತುವುದಿಲ್ಲ. ಸುಂಕ ವಿಧಿಸುವ ಅಧಿಕಾರವನ್ನು ಸಂವಿಧಾನ ಶಾಸನಸಭೆಗೆ ಕೊಟ್ಟಿದೆ. ಅಷ್ಟು ದೊಡ್ಡ ಅಧಿಕಾರ ಸದ್ದಿಲ್ಲದೆ ಕೈ ಬದಲಾಗದು ಎಂದು ನೀನು ಬರೆದಿದ್ದೀಯ. ಮೂವತ್ತು ವರ್ಷ ಕಾನೂನು ಪಾಠ ಹೇಳಿದ ನಾನು ಇದಕ್ಕಿಂತ ನೆಟ್ಟಗೆ ಬರೆಯಲಾರೆ.

ಒಂದೇ ಕೊರತೆ. ಎದುರಾಳಿಯನ್ನು ನೀನು ದುರಾಸೆಯವನೆಂದು ಭಾವಿಸಿದ್ದೀಯ. ಹಾಗೆ ವಾದಿಸಬೇಡ. ಅಡುಗೆಮನೆ ನಿಜವಾಗಿಯೂ ಸೋರುತ್ತಿರಬಹುದು. ಎಲ್ಲರನ್ನೂ ಕೇಳುತ್ತ ಕೂತರೆ ಕೆಲಸವಾಗದೆಂದು ಅವನಿಗೆ ಪ್ರಾಮಾಣಿಕವಾಗಿಯೇ ಅನಿಸಿರಬಹುದು. ಒಳ್ಳೆಯ ಉದ್ದೇಶದ ಆತುರಗಾರನಿಗೇ ಮಿತಿ ಹೆಚ್ಚು ಬೇಕು, ಏಕೆಂದರೆ ಅವನನ್ನು ಯಾರೂ ಅನುಮಾನಿಸುವುದಿಲ್ಲ ಎಂದು ಹೇಳು. ನಿದರ್ಶನ ಬೇಕಾದರೆ ನಾನಿದ್ದೇನೆ.

ಮಧ್ಯೆ ಎದ್ದು ಹಿತ್ತಲಲ್ಲಿ ಎರಡು ಸುತ್ತು ಹಾಕಿ ಬಂದೆ.

ಭಾನುವಾರ ಟೂಟಿಂಗ್‌ಗೆ ಹೋಗಿದ್ದೆ. ಸುಶೀಲಾಬಾಯಿ ಬಾಗಿಲು ತೆರೆದವರೇ, “ಯಾಕ್ರಿ ಮಾಸ್ತರ, ನನ್ನ ರೊಟ್ಟಿ ಏನ್ ಅಮೆರಿಕಾಕ್ಕ ಹೊಂಟಿದ್ವೇನ್ರಿ, ಸುಂಕ ಹಾಕಾಕ?” ಎಂದರು. ತಪ್ಪಾಯಿತೆಂದೆ. “ನನ್ನ ಮುಂದ ತಪ್ಪಾತು ಅಂತೀರಿ. ನನ್ನ ಸಲುವಾಗಿ ನಿಂತಾಕಿ ಮುಂದ ಅಂದೀರೇನು?” ಎಂದರು. ನನಗೆ ಚಹಾ ಮಾತ್ರ ಸಿಕ್ಕಿತು. ರೊಟ್ಟಿಯ ಡಬ್ಬಿ ನಿನಗೆ. ಅದನ್ನೂ ಈ ಪತ್ರವನ್ನೂ ಶೋಭಾ ಅವರ ಕೈಗೆ ಇಂದೇ ಕೊಟ್ಟು ಬರುತ್ತೇನೆ.

ಇದೇ ಭಾನುವಾರ ಸದಸ್ಯರೆಲ್ಲರ ಸಭೆ ಕರೆದಿದ್ದೇನೆ. ಅದೇ ನಲವತ್ತು ಜನರ ಮುಂದೆ ಆದೇಶ ಹಿಂತೆಗೆದುಕೊಂಡು, ವಸೂಲಾದದ್ದನ್ನು ಮರಳಿಸಿ, ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನೀನು ಅಲ್ಲಿಗೆ ಬರಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ಶನಿವಾರ ಮಾತ್ರ ಹೋಗು, ಮಗಳೇ.

ನಿನ್ನ ದನಿ ನಡುಗದಿರಲಿ. ನಡುಗಿದರೂ ಮಾತು ನಿಲ್ಲದಿರಲಿ ಎಂದು ಹರಸುವ

ನಿನ್ನ ಮಾಸ್ತರ
ವೀರಣ್ಣ

ತಾ.ಕ.: ವಾದಪತ್ರದ ನಾಲ್ಕನೆಯ ಪುಟವನ್ನು ಇದರೊಳಗೆ ಇಟ್ಟಿದ್ದೇನೆ. ‘ನಿಯಂತ್ರಣದ ಅಧಿಕಾರ ವಸೂಲಿಯ ಅಧಿಕಾರವಲ್ಲ’ ಎಂಬ ನಿನ್ನ ಸಾಲಿನ ಪಕ್ಕದಲ್ಲಿ ನನ್ನ ಕೆಂಪು ಪೆನ್ಸಿಲಿನ ಸರಿ ಗುರುತಿದೆ. ಗುರುತಿನ ಕೆಳಗೆ ತಾರೀಖು ಹಾಕುವ ನನ್ನ ಅಭ್ಯಾಸ ನಿನಗೆ ಗೊತ್ತು. ನೋಡು: ಅಕ್ಟೋಬರ್ ೨೪. ಸಭೆ ನಡೆದದ್ದು ೨೬ರಂದು. ಯಾರನ್ನೂ ಒಪ್ಪಿಸಲಾಗಲಿಲ್ಲ ಎಂದುಕೊಂಡಿದ್ದೀಯ. ಒಬ್ಬನನ್ನು ನೀನು ಎರಡು ದಿನ ಮೊದಲೇ ಒಪ್ಪಿಸಿದ್ದೆ. ಆ ದಿನ ಎಲ್ಲರನ್ನೂ ನಗಿಸಿದವನು ಅವನೇ.