ತಣ್ಣಗಾದ ಎಡಗೈ

ಮಾರ್ಚ್ 4, ಬೆಳಿಗ್ಗೆ

ಬೆಳಗಿನ ಎಂಟು ಮಾತ್ರೆ ನುಂಗಿ ಹೊಲಿಗೆ ಮಷಿನ್ ಮುಂದೆ ಕೂತೆ. ಎಡಗೈ ತೋರುಬೆರಳಿಗೆ ಸೂಜಿ ಚುಚ್ಚಿದ್ದು, ಗಿರಾಕಿಯ ಬಿಳಿ ಕಾಲರ್ ಕೆಂಪಾದ ಮೇಲೇ ತಿಳಿಯಿತು. ನೋವಿಲ್ಲ. ಬೆರಳು ತಣ್ಣಗೆ ಕೊರೆಯುತ್ತಿದೆ. ಡಯಾಲಿಸಿಸ್‌ಗೆಂದು ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದ ಕೈ — ಕಿಡ್ನಿ ಕಸಿಯಾದ ಮೇಲೆ ಅದನ್ನು ಮುಚ್ಚಿ ಒಂಬತ್ತು ವರ್ಷ. ಮೊಣಕೈ ಮೇಲೊಂದು ಉಬ್ಬು, ಢವಢವ ಬಡಿಯುತ್ತದೆ. ಹಳೆಯದೇ ಇರಬೇಕು. ಕಾಲರ್ ತೊಳೆದಿಟ್ಟೆ. ಹೆಂಡತಿಗೆ ಹೇಳಲಿಲ್ಲ.

ಮಾರ್ಚ್ 6

ಅಡುಗೆಮನೆಯಲ್ಲಿ ಫೋನು. ಆ ಕಡೆ ತಂಗಿ — ನನಗೆ ಕಿಡ್ನಿ ಕೊಟ್ಟವಳು. ಹೆಂಡತಿಯ ಪಿಸುಮಾತು: "ಅವರಿಗೆ ಈಗ್ಲೇ ಗೊತ್ತಾಗೋದು ಬೇಡ." ನನ್ನನ್ನು ಕಂಡು ನಲ್ಲಿ ತಿರುಗಿಸಿದಳು. ತೊಳೆಯಲು ಒಂದು ಲೋಟವೂ ಇರಲಿಲ್ಲ.

ಕಿಡ್ನಿ ಕೈಕೊಟ್ಟಿರಬೇಕು. ಕಳೆದ ತಿಂಗಳ ರಿಪೋರ್ಟ್ ತಂದವಳು ಇವಳೇ, ನಿಜ ಮುಚ್ಚಿಟ್ಟಿರಬೇಕು...

ಮಾರ್ಚ್ 9

ಮತ್ತೆ ತಂಗಿಯ ಫೋನು. ಹೆಂಡತಿಯ ಕೈಯಿಂದ ಕಿತ್ತುಕೊಂಡೆ. "ಏನೇ, ಕೊಟ್ಟಿದ್ದು ದಂಡ ಆಯ್ತು ಅಂತನಾ? ವಾಪಸ್ ಬೇಕಾ?" ಅಂದುಬಿಟ್ಟೆ. "ಫೋನ್ ಇಡ್ತೀನಣ್ಣಾ" ಎಂದಳು.

ಮಾರ್ಚ್ 21

ಹನ್ನೆರಡು ದಿನ. ಫೋನಿಲ್ಲ. ಬೆರಳ ತುದಿ ನೀಲಿ. ಯಾರಿಗೂ ಹೇಳದೆ ರಕ್ತ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಿದೆ. ಲ್ಯಾಬಿನವರನ್ನೂ ನಂಬಲಿಲ್ಲ, ಡಾಕ್ಟರ ಹತ್ತಿರ ಓಡಿದೆ. ಅವರು ರಿಪೋರ್ಟ್ ಬದಿಗಿಟ್ಟು ಕೈ ಹಿಡಿದರು. ಸ್ಕ್ಯಾನ್ ಆಯಿತು.

"ಕಿಡ್ನಿ ಚೆನ್ನಾಗಿದೆ ಕಣ್ರೀ. ಫಿಸ್ಟುಲಾ ಇದ್ದಾಗ ಈ ರಕ್ತನಾಳ ಹಿಗ್ಗಿತ್ತು. ಮುಚ್ಚಿದ ಮೇಲೂ ಹಿಗ್ಗುತ್ತಲೇ ಇದೆ. ಒಳಗೆ ರಕ್ತ ಹೆಪ್ಪುಗಟ್ಟಿ ಚೂರುಚೂರಾಗಿ ಬೆರಳಿಗೆ ಇಳೀತಿದೆ. ತಕ್ಷಣ ಆಪರೇಷನ್ ಆಗ್ಬೇಕು."

ಅದೇ ದಿನ, ಸಂಜೆ

ಹೆಂಡತಿಗೆ ಹೇಳಿದೆ. ಆಮೇಲೆ ಕೇಳಿದೆ:

"ಹಾಗಾದ್ರೆ ನೀವಿಬ್ರೂ ಮುಚ್ಚಿಟ್ಟಿದ್ದು ಏನು?"

"ನೀವು ಕಾಲರ್ ತೊಳೆದದ್ದು, ಆ ಬೆರಳು — ಎರಡೂ ನೋಡಿದ್ದೆ. ಡಾಕ್ಟರ್ ಅಂದ್ರೆ ನೀವು ಜಗಳಕ್ಕೇ ಬರ್ತೀರಿ. ಅದಕ್ಕೇ ನಿಮ್ಮ ತಂಗೀನೇ ಅಪಾಯಿಂಟ್‌ಮೆಂಟ್ ತಗೊಂಡಿದ್ಳು. ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ಳು."

"ಯಾವತ್ತಿಗೆ?"

"ಹತ್ತನೇ ತಾರೀಕಿಗೆ."

ಮಾರ್ಚ್ 25, ಆಸ್ಪತ್ರೆ

ಕಾಲಿನ ರಕ್ತನಾಳದ ತುಂಡು ತೆಗೆದು ಕೈಗೆ ಜೋಡಿಸಿದ್ದಾರೆ. ನಾಲ್ಕು ಬೆರಳು ಬೆಚ್ಚಗಿವೆ. ತೋರುಬೆರಳಿನ ತುದಿ ಉಳಿಯುವುದು ಅನುಮಾನವಂತೆ. "ಹತ್ತು ದಿನ ಮೊದ್ಲೇ ಬಂದಿದ್ರೆ..." ಎಂದರು ಡಾಕ್ಟರು.

ತಂಗಿ ಬಂದಿದ್ದಾಳೆ. ಹೊರಗೆ ಬೆಂಚಿನ ಮೇಲಿದ್ದಾಳೆ. ನಾನು ಕರೆಯದೆ ಒಳಗೆ ಬರುವುದಿಲ್ಲವಂತೆ. ಕರೆದು ಏನೆನ್ನಲಿ? ತಪ್ಪಾಯಿತು ಎಂದರೆ ಸಾಲದು. ಬರೆದುಕೊಂಡರೆ ಬಾಯಿಗೆ ಬಂದೀತು ಎಂದು...

ಬಾಗಿಲು ಸರಿಯಿತು. ಕರೆಯದೆಯೇ ತಂಗಿ ಬಂದಳು. "ಬರೆದಿದ್ದು ಸಾಕಣ್ಣಾ" ಎನ್ನುತ್ತಾ ಪೆನ್ನು ಕಸಿದುಕೊಳ್ಳಲು ಕೈ ಚಾ—