ಬಾವಿಗೆ ಹೂ ಹಾಕುವವರು

ನಮ್ಮ ಮಹಡಿ ಕೋಣೆಯಲ್ಲಿದ್ದ ಲೇಖಕರಿಗೆ,

ನಮಸ್ಕಾರ. ನೀವು ಬಾಡಿಗೆಗಿದ್ದ ದ್ವೀಪದ ಮನೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಕಾದಂಬರಿ ಓದಿದವರು ಲಾಂಚು ತುಂಬಿ ಬರುತ್ತಿದ್ದಾರೆ. ನೀವು ಕೂತು ಬರೆದ ಕಿಟಕಿ, ದಿನವೂ ತಲೆ ಬಡಿಸಿಕೊಳ್ಳುತ್ತಿದ್ದ ತೊಲೆ, ಎಲ್ಲವನ್ನೂ ತೋರಿಸುತ್ತೇನೆ. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಬಾವಿಯದು. ಕಥಾನಾಯಕ ದ್ವೀಪ ಬಿಟ್ಟ ದಿನವೇ ಮನೆಯ ಮಗಳು ಬಾವಿಗೆ ಹಾರಿದಳೆಂದು ಬರೆದಿದ್ದೀರಿ. ಬಂದವರೆಲ್ಲ ಕಣ್ಣೊರೆಸಿಕೊಂಡು ಬಾವಿಗೆ ಹೂ ಎಸೆಯುತ್ತಾರೆ. ನಾವು ಕುಡಿಯುವುದು ಅದೇ ನೀರು. ಸುತ್ತ ಸಮುದ್ರವಿದ್ದರೂ ಸಿಹಿನೀರಿಗೆ ಬೇರೆ ಗತಿಯಿಲ್ಲ. ಬಾವಿಯ ಬಾಯಿಗೆ ಬಲೆ ಕಟ್ಟಿಸಿದೆ. ಈಗ ದಳಗಳನ್ನು ಬಿಡಿಸಿ ಬಿಡಿಸಿ ಹಾಕುತ್ತಾರೆ.

ನಿನ್ನೆ ಒಬ್ಬ ಅಜ್ಜಿ ಕಟ್ಟೆ ಹಿಡಿದು ಅತ್ತರು. "ಪಾಪ ಆ ಹುಡುಗಿ, ನಿಮಗೇನಾಗ್ಬೇಕಮ್ಮ?" ಎಂದು ಕೇಳಿದರು. ಅಷ್ಟು ಕಣ್ಣೀರು ದಂಡ ಮಾಡಲು ಮನಸ್ಸು ಬರಲಿಲ್ಲ. "ದೂರದ ಸಂಬಂಧ" ಅಂದೆ.

ಮುಂದಿನ ಮುದ್ರಣದಲ್ಲಿ ದಯವಿಟ್ಟು ಅವಳನ್ನು ಸಮುದ್ರಕ್ಕೆ ಹಾರಿಸಿ. ಎಷ್ಟು ಹೂ ಬಿದ್ದರೂ ಅದಕ್ಕೆ ಲೆಕ್ಕವಿಲ್ಲ. ನಡೆದದ್ದನ್ನೇ ಬರೆಯುವ ಮನಸ್ಸಾದರೆ ಅದನ್ನೂ ಹೇಳಿಬಿಡುತ್ತೇನೆ. ನೀವು ಹೋದಿರೆಂದು ಜೀವ ಕಳೆದುಕೊಳ್ಳಲು ನನಗೇನು ಹುಚ್ಚೇ? ಲಾಂಚು ಕಣ್ಮರೆಯಾದ ಮೇಲೆ ಬಾವಿಕಟ್ಟೆಗೆ ಹೋದದ್ದು ಮಾತ್ರ ಹೌದು. ನೀವು ಹೊದ್ದು ಬಿಟ್ಟುಹೋದ ದುಪ್ಪಟಿ ಒಗೆಯುವುದಿತ್ತು. ನೀರು ಸೇದಿದೆ, ಒಗೆದೆ. ಹಿಂಡುವಾಗ ಇನ್ನೊಂದು ತುದಿ ಹಿಡಿಯುವವರಿರಲಿಲ್ಲ. ನೀರು ಸೋರುತ್ತಿದ್ದ ಹಾಗೆಯೇ ಹಗ್ಗಕ್ಕೆ ಹಾಕಿದೆ.

ಇಂತಿ,
ಆ ಮನೆಯ ಮಗಳು